ಗಾಂವ್ಟಿ

ಶುಕ್ರವಾರ, ಮಾಪ್ಸಾದ ಸಂತಿ.
ನಸುಕಿನ ನಾಕಕ್ಕ ಚೋರ್ಲಾ ಘಾಟ ಇಳದು
ಲಾರಿ ಬಂದು ನಿಂತು ಉಸರು ಬಿಡತೈತಿ.
ಬೆಳಗಾವಿ ಗಜ್ಜರಿ, ಖಾನಾಪುರದ ಗೆಣಸು,
ದಾರಿ ತುಂಬ ನಿದ್ದಿ ಮಾಡಿದ ಕೋಬಿ.
ಇಳಿಸ್ಕೊಳ್ಳೋರು ನಾವು,
ಬೆನ್ನಮ್ಯಾಲೆ ಗೋಣಿಚೀಲದ ಅಚ್ಚು ಮೂಡಿದವರು.

ಬಿಸಲು ಏರಿದಂಗ ಗಿರಾಕಿ ಬರತಾರ.
ಮದಲ ಕೇಳೂದು ರೇಟಲ್ಲ:
"ಗಾಂವ್ಟಿಯೋ, ಘಾಟಿಯೋ?"
ಗಾಂವ್ಟಿ ಅಂದ್ರ ಇಲ್ಲೇ ಹುಟ್ಟಿ ಇಲ್ಲಿ ನೀರು ಕುಡದದ್ದು.
ಘಾಟಿ ಅಂದ್ರ ಘಟ್ಟ ಇಳದು ಬಂದದ್ದು.
ಬದನಿಕಾಯಿಗೂ ಅದೇ ಶಬ್ದ, ನನಗೂ ಅದೇ.
ಬದನಿಕಾಯಿಗೆ ಸಿಟ್ಟು ಬರಂಗಿಲ್ಲ.

ಆಸಗಾಂವದಾಗ ಹಳೇ ಮನಿ ಕೊಂಡಾಳ ಒಬ್ಬಾಕಿ,
ದಿಲ್ಲಿ ಕಡಿಯಾಕಿ, ಗೀತಿಕಾ ಅಂತ.
ಹೆಗಲಿಗೆ ಬಟ್ಟಿ ಚೀಲ. ಹಲ್ಲುಜ್ಜೂದೂ
ಬಿದಿರಿನ ಬ್ರಶ್ಶಿನಿಂದ ಅಂತ, ತಾನ ಹೇಳಿದ್ಲು.
ಕೊತ್ತಂಬರಿ ಮೂಸಿ ಕೇಳಿದ್ಲು:
"ಎಷ್ಟು ಕಿಲೋಮೀಟರ್ ದೂರದಿಂದ ಬಂದದ್ದು ಇದು?"
"ಇದು ಒಂದು ನೂರಾಮೂವತ್ತು, ಬಾಯಿ," ಅಂದ್ನಿ, "ನೀವು?"
ನಕ್ಕಳು. ಖರೇನ ನಕ್ಕಳು, ಒಳ್ಳೇ ಮನಸಿನಾಕಿ.
ಕೊತ್ತಂಬರಿ ಮಾತ್ರ ವಾಪಸ್ ಇಟ್ಲು.

ನಮ್ಮವ್ವನೂ ಬಟ್ಟಿ ಚೀಲಾನ ಒಯ್ಯತಿದ್ಲು,
ಹರದ ಸೀರಿ ಕೌದಿ ಆಗತಿತ್ತು,
ಕೌದಿ ಹರದು ಒರಸೂ ಅರಿವಿ.
ಆವಾಗ ಅದಕ್ಕ ಬಡತನ ಅಂತಿದ್ರು.
ಈಗ ಬ್ಯಾರೆ ಹೆಸರು ಬಂದೈತಿ,
ಹೆಸರಿಗೊಂದು ರೇಟ ಬಂದೈತಿ.

ಮೂವತ್ತೊಂದು ವರ್ಷಾತು ನಾ ಬಂದು.
ಈ ಸಂತಿಗೆ ಬರೂ ಡಾಂಬರ ರಸ್ತೆದಾಗ
ನಾ ಹೊತ್ತ ಖಡಿ ಐತಿ.
ಹ್ವಾದ ವರ್ಷ ಎಸ್ಪೆರಾನ್ಸಾ ಬಾಯಿ ಗದ್ದಿ ಹಿಡದ್ನಿ,
ಆಳು ಸಿಗಲಿಲ್ಲಂತ ಹನ್ನೆರಡು ವರ್ಷ ಬೀಳು ಬಿದ್ದದ್ದು.
ಬರೇ ಬಾಯಿಮಾತು. ಕಾಗದ ಮಾಡಿದ್ರ
ಎಲ್ಲಿ ಹೊಲದ ಒಡತಿ ಆಗತಾಳೋ ಅಂತ ಆಕಿಗೆ ಅಂಜಿಕಿ.
ಆದ್ರೂ ಬೀಜ ಆಕಿನ ಕೊಟ್ಲು,
ಒಲಿಮ್ಯಾಲಿನ ಗಂಟು ಬಿಚ್ಚಿ, ಹೊಗಿ ವಾಸನಿ ಹಿಡದದ್ದು.

ಮಳಿ ನಿಂತಿತು. ಚೆಲ್ಲಿದ್ನಿ.
ನಾಕ ದಿನಕ್ಕ ಕೆಂಪ ಸೂಜಿ,
ತಿಂಗಳಿಗೆ ಮೊಳಕಾಲ ಮಟ.
ಇವರ ತಾಂಬಡಿ ಭಾಜಿ, ನಮ್ಮ ಕೆಂಪ ರಾಜಗಿರಿ.
"ಬೇರು ತೊಳೀಬ್ಯಾಡ" ಅಂದ್ಲು ಎಸ್ಪೆರಾನ್ಸಾ ಬಾಯಿ,
"ಮಣ್ಣ ನೋಡೇ ನಂಬತಾರ."

ಮಣ್ಣ ನೋಡಿದ್ರು.
ಆಮ್ಯಾಲೆ ನನ್ನ ಮಾರಿ ನೋಡಿದ್ರು,
ಎರಡೂ ಕಡಿ ಮೂಗುಬಟ್ಟು, ಹಣಿಮ್ಯಾಲೆ ಹಚ್ಚಿ.
"ಗಾಂವ್ಟಿ? ಇದು?"
ಬಾಜೂಕ ಫಿಲೋಮೆನಾ, ಇಪ್ಪತ್ತು ವರ್ಷದ ನೆರಿ,
ನನ್ನ ಚಾದಾಗ ಪಾವು ಅದ್ದಿ ತಿನ್ನಾಕಿ,
ನಮ್ಮ ಲಾರಿ ಬೆಂಡಿಕಾಯಿ ಆಕಿ ಬುಟ್ಯಾಗ ಕುಂತಿತ್ತು,
ಕುಂತಲ್ಲೇ ಗಾಂವ್ಟಿ ಆಗಿತ್ತು.
ಏನೂ ಅನ್ನಲಿಲ್ಲ ಆಕಿ. ನನ್ನ ಸೂಡು ಎತ್ತಿ
ತನ್ನ ಬುಟ್ಯಾಗ ಇಟ್ಲು.
ನನ್ನ ಕಡೆ ಹನ್ನೆರಡಕ್ಕ ಬಾಡತಿದ್ದದ್ದು
ಅಲ್ಲಿ ಇಪ್ಪತ್ತಕ್ಕ ಒಂದ ತಾಸಿನ್ಯಾಗ ಖಾಲಿ.
ರೊಕ್ಕ ಪೈಸಾ ಬಿಡದಂಗ ಕೊಟ್ಲು,
ನನ್ನ ಕಣ್ಣಾಗ ನೋಡಲಿಲ್ಲ.

ಕಡೀ ಸೂಡು ಗೀತಿಕಾ ಬಾಯಿದು.
ನನ್ನ ಕಡೇನ ಕೊಂಡ್ಲು, ಅದನ್ನೂ ಹೇಳಬೇಕು.
ಮಣ್ಣ ಕಾಣೂ ಹಂಗ ಎತ್ತಿ ಹಿಡೀ ಅಂದ್ಲು,
ಫೋಟೋ ಹೊಡದು ತೋರಿಸಿದ್ಲು:
ಬೇರು, ಮಣ್ಣು, ನನ್ನ ಕೈ
ಮಣಿಕಟ್ಟಿನ ತನಕ.

ಈಗ ಫೆಬ್ರುವರಿ. ಒಂದ ಸಾಲ ಕಿತ್ತಿಲ್ಲ,
ಬೀಜಕ್ಕ ಬಿಟ್ಟೀನಿ.
ನನಗಿಂತ ಎತ್ತರ ಆಗಿ ತೆನಿ ಬಾಗೇತಿ,
ಬಡದ್ರ ಕರೀ ಸಾಸಿವಿಯಂಗ ಉದುರತೈತಿ.
ಗಂಟು ಕಟ್ಟಾಕ ಬಟ್ಟಿ ತರತೀನಿ ಅಂತ
ಎಸ್ಪೆರಾನ್ಸಾ ಬಾಯಿ ಒಳಗ ಹೋದ್ಲು.
ಆಕಿ ಬರೂದರಾಗ ನಾ
ಹಳೇ ಇಳಕಲ್ ಸೆರಗಿನ ತುದಿ ಹರದಿದ್ನಿ.