ಅಡ್ಡಿ ಏನಿಲ್ಲ ಸರ್

ಮೇ ತಿಂಗಳ ಬಳ್ಳಾರಿ, ಬೆಳಿಗ್ಗೆ ಒಂಬತ್ತೂವರೆ.
ಹನ್ನೊಂದು ಜನ ದುಂಡಗೆ ನಿಂತಿದ್ದೇವೆ
ಕುರ್ಚಿಗಳಿಗೆ ಬೆನ್ನು ಮಾಡಿ.
ಕುಂತರೆ ಮಾತು ಬೆಳೆಯುತ್ತದಂತೆ.
ಪುಣೆಯಿಂದ ಬಂದ ತರಬೇತಿಯವನು ಎರಡೇ ದಿನ ಇದ್ದು
ಅಷ್ಟು ಹೇಳಿ, ಹಳದಿ ಚೀಟಿಗಳ ಕಟ್ಟು ಕೊಟ್ಟು
ಹಂಪಿ ನೋಡಲು ಹೋದ.

ನಿನ್ನೆ ಏನು ಮಾಡಿದ್ರಿ? ಇವತ್ತು ಏನು? ಅಡ್ಡಿ ಏನು?
ಮೂರನೆಯ ಪ್ರಶ್ನೆಗೆ ಎಲ್ಲರೂ
ಪಂಪನಗೌಡರ ಬೂಟು ನೋಡುತ್ತೇವೆ.
ದುಂಡಗೆ ನಿಂತರೂ
ಅವರು ನಿಂತ ಕಡೆಯೇ ತಲೆಭಾಗ.
"ಅಡ್ಡಿ ಏನಿಲ್ಲ ಸರ್."
"ಏನಿಲ್ಲ ಸರ್."
ನಾನೂ ಅದನ್ನೇ ಹೇಳಿದೆ,
ಹದಿನೇಳು ತಪ್ಪುಗಳ ಪಟ್ಟಿ ಮಡಚಿ ಮುಷ್ಟಿಯಲ್ಲಿ ಹಿಡಿದು.

ಗೋಡೆಯ ಚೀಟಿಗಳಿಗೆ ಈ ಊರ ಬಿಸಿಲು ಗೊತ್ತಿಲ್ಲ.
ಅಂಟು ಒಣಗಿ, ಫ್ಯಾನಿನ ಗಾಳಿಗೆ
'ಮಾಡಬೇಕಾದ್ದು' ಉದುರಿ
'ಮುಗಿದದ್ದು' ಕೆಳಗೆ ಬೀಳುತ್ತದೆ.
ಕಸ ಗುಡಿಸುವ ಈರಮ್ಮ ಎತ್ತಿ
ಕೈಗೆ ಎಟುಕಿದ ಕಡೆ ಹಚ್ಚುತ್ತಾಳೆ.
ಆ ವಾರ ನಮ್ಮ ಕೆಲಸ ಭಾರಿ ಮುಂದೆ ಹೋಗಿತ್ತು.

ಎರ್ರಿಸ್ವಾಮಿ ಸಾರ್ ಮೇಜಿನ ಮೇಲೆ ಮಾತ್ರ
ಕೆಂಪು ಬಟ್ಟೆಯ ರಟ್ಟಿನ ಪುಸ್ತಕ:
ಮುನ್ನೂರ ಹನ್ನೆರಡು ಪುಟ, ಪುಟಪುಟಕ್ಕೂ ಸಹಿ, ಮೊಹರು.
"ಬರದದ್ದು ಐತೆ, ಅದನ್ನ ಕಟ್ಟಬೇಕು. ಅಷ್ಟೇ."
ಹಟದ ಮಾತಲ್ಲ ಅದು.
ಹಿಂದೊಮ್ಮೆ ಬಾಯಿಮಾತಿಗೆ ಕೆಲಸ ಮಾಡಿ
ಆರು ತಿಂಗಳ ದುಡ್ಡು ಬಾರದೆ ಹೋದದ್ದು
ನಮ್ಮಲ್ಲಿ ಅವರೊಬ್ಬರಿಗೇ ನೆನಪಿದೆ.

ಎರಡನೇ ಶುಕ್ರವಾರ, ಆದಷ್ಟನ್ನೇ ತೋರಿಸೋಣವೆಂದರೆ
ಕೌಲ್ ಬಜಾರಿನ ಜೀನ್ಸ್ ಘಟಕದಿಂದ
ಮಾಲೀಕರ ಬದಲು ಮಹಬೂಬಿ ಬಂದಳು,
ಬೆರಳ ತುದಿಗಳು ನೀಲಿ.
ಸ್ಕ್ರೀನ್ ನೋಡಿದಳು: ಒಂದು ಪ್ಯಾಂಟು, ಒಂದು ಹೆಸರು, ಒಂದು ಕೂಲಿ.
"ಒಬ್ಬಾಕಿ ಎಲ್ಲಿ ಹೊಲಿತಾಳ್ರೀ?
ಜೇಬು ಒಬ್ರು, ಜಿಪ್ಪು ಒಬ್ರು, ಲೂಪು ಒಬ್ರು,
ಕಾಜಾ ಹೊರಗಡೆ.
ಉಳಿದವ್ರ ಕೂಲಿ ಇದರಾಗ ಎಲ್ಲಿ ಬರೀತೀರಿ?"

ಫ್ಯಾನಿನ ಸದ್ದು.
ಎರ್ರಿಸ್ವಾಮಿ ಸಾರ್ ಪುಸ್ತಕ ತೆರೆದರು,
ಎಂಬತ್ತೊಂದನೇ ಪುಟ. ಮಾಲೀಕರ ಸಹಿ ಅಲ್ಲೇ ಇತ್ತು.
ಬಹಳ ಹೊತ್ತು ಆ ಸಹಿಯನ್ನೇ ನೋಡಿದರು.
"ನಿಮ್ಮನ್ನ ಯಾರೂ ಕೇಳಿರಲಿಲ್ಲೇನಮ್ಮ?"
"ಈಗ ಕೇಳಿದ್ರಲ್ಲ."

ಪಂಪನಗೌಡರು ಗಡಿಯಾರ ನೋಡಿದರು:
"ಇದರಿಂದ ತಾರೀಖು ಏನೂ ಬದಲಾಗಲ್ಲ ತಾನೇ?"

ಸೋಮವಾರ ಮತ್ತೆ ದುಂಡಗೆ ನಿಂತೆವು.
ಎರ್ರಿಸ್ವಾಮಿ ಸಾರ್ ಹಳದಿ ಚೀಟಿಯೊಂದನ್ನು
ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿದರು, ಅಂಟನ್ನು ನಂಬಲಿಲ್ಲ.
ಕೆಳಗೆ ತಮ್ಮದೇ ಸಹಿ, ತಾರೀಖು.
ಮೂರನೆಯ ಪ್ರಶ್ನೆ ನನ್ನ ಕಡೆ ಬಂತು.
ಮುಷ್ಟಿಯ ಬೆವರಿಗೆ ಪಟ್ಟಿ ಮೆತ್ತಗಾಗಿತ್ತು.
ಅಷ್ಟರಲ್ಲಿ ಬೂಟು ಸರಿಯಿತು. ಫೋನು.
ಗೌಡರು ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ
ಒಂದೊಂದಾಗಿ ಓದಿದೆ.