ಬಟ್ಟಲಿನ ತಳ

ಹೈದರಾಬಾದಿನಿಂದ ಬಂದವನು ಬಟ್ಟಲನ್ನು ಬೋರಲು ಹಾಕಿ
ಮೊಬೈಲಿನ ಬೆಳಕು ಬಿಟ್ಟು ನೋಡಿದ.
"ರಾಕು. ಎಂಬತ್ತೊಂದು, ಎಂಬತ್ತೆರಡು ಇರಬೇಕು.
ಜಬೀನ್ ಮೇಡಂ ಕೈಯದೇ. ಸಹಿ ಎಲ್ಲಿ?"

ಸಹಿ.
ಆಳಂದ ರಸ್ತೆಯ ದಾಲ್ ಮಿಲ್ಲಿನಲ್ಲಿ
ಹತ್ತೊಂಬತ್ತು ವರ್ಷ ಪಗಾರದ ಖಾತೆ ಬರೆದವನು ನಾನು.
ಸಹಿಯ ಮಾತು ನನಗೆ ಹೇಳಬ್ಯಾಡ್ರಿ.

ಮಿಲ್ಲಿನ ಹಿಂದೆ, ತೊಗರಿ ಹೊಟ್ಟಿನ ಗುಡ್ಡೆಯ ಪಕ್ಕ
ಎಣ್ಣೆ ಡ್ರಮ್ಮಿಗೆ ಇಟ್ಟಂಗಿ ಕಟ್ಟಿ ಆಕೆ ಭಟ್ಟಿ ಮಾಡಿದ್ದಳು,
ಕಾಲೇಜಿನವರು ಜಾಗ ಕೊಡಲಿಲ್ಲವೆಂದು.
ಮಾಲಕರು ಹೂಂ ಅಂದದ್ದು, ಹೊಟ್ಟಾದರೂ ಖಾಲಿಯಾದೀತೆಂದು.

ಕಲಬುರಗಿಯ ಮೇ ತಿಂಗಳು. ನೆರಳಿಗೂ ಜ್ವರ.
ಅಂಥದ್ದರಲ್ಲಿ ಉದ್ದ ಇಕ್ಕಳ ಹಾಕಿ
ಕೆಂಡದಂಥ ಬಟ್ಟಲನ್ನು ಉರಿಯಿಂದಲೇ ಎಳೆದು
ಹೊಟ್ಟಿನ ಕುಣಿಯಲ್ಲಿ ಹುಗಿದು ತಗಡು ಮುಚ್ಚುವಳು.
ಬೇಳೆ ಸೀದ ವಾಸನೆಯ ಹೊಗೆ ರಸ್ತೆ ದಾಟುತ್ತಿತ್ತು.
ಊಟದ ಹೊತ್ತಾಯಿತೆಂದು
ಹಮಾಲನೊಬ್ಬ ಬುತ್ತಿ ಬಿಚ್ಚಿದ್ದೂ ಉಂಟು.

ಜರಡಿ ಹಿಡಿಯುವ ಹಣಮವ್ವ, ಕುಂಬಾರರ ಮಗಳು,
ಸೆರಗು ಬಾಯಿಗಿಟ್ಟು ನಗುತ್ತಿದ್ದಳು:
"ಬಾಣಂತೀನ್ನ ಗಾಳ್ಯಾಗ ನಿಂದ್ರಿಸಿದಂಗ ಆತಲ್ರೀ ಬಾಯಾರ!
ಆವಿಗಿ ತಾನೇ ಆರಬೇಕು. ಸೀಳತಾವ."
ಸೀಳುತ್ತಿದ್ದವು. ಹತ್ತರಲ್ಲಿ ಏಳು.
ಉಳಿದ ಮೂರರ ಮೆರುಗು ಬಿರಿಯುವಾಗ
ಟಿಣ್, ಟಿಣ್ ಎಂದು ಸಣ್ಣ ಸದ್ದು.
ಜಬೀನ್ ಕಿವಿಗೊಟ್ಟು ಕೂರುತ್ತಿದ್ದಳು.
ನಾಲ್ಕನೆಯ ವಾರ ಹಣಮವ್ವನೂ ಕೂತಳು.
ಐದನೆಯ ವಾರ ಆಕೆಯ ಕೈಯಲ್ಲಿ ಮಣ್ಣಿತ್ತು.

ತನ್ನ ಮೊದಲ ಬಟ್ಟಲಿಗೆ ನೀರು ಹೊಯ್ದು, ಕಾದು,
ಕಟ್ಟೆಯ ಮೇಲೆ ಮೂಡಿದ ಒದ್ದೆ ಉಂಗುರ ನೋಡಿ ಅಂದಳು:
"ನೀರು ನಿಂದ್ರವಲ್ದು. ಗಡಿಗಿ ಅಲ್ಲ ಇದು."
ಆಮೇಲೆ, ಯಾರಿಗೋ ಸೋತವಳ ಹಾಗೆ,
"ಖರೇನ, ಚಂದ ಐತಿ."

ಮಿಲ್ಲು ಮುಚ್ಚಿದ ದಿನ ನನ್ನ ಮೇಜಿನ ಮೇಲೆ ಇಟ್ಟು ಹೋದಳು.
ಖಾತೆಗಳು ರದ್ದಿಗೆ ಹೋದವು.

ಬಂದವನು ಕಾಯುತ್ತಿದ್ದ.
ಹೊರಮೈ ಇದ್ದಿಲಗಪ್ಪು. ಒಳಗೆ ಕೆನೆಬಿಳಿ,
ಬಿರುಕು ಬಿರುಕಿನಲ್ಲೂ ಹೊಗೆಯ ಎಳೆ.
ತಳದಲ್ಲಿ, ಮೆರುಗು ಮುಟ್ಟದ ಕಡೆ, ಒಂದು ಹೆಬ್ಬೆಟ್ಟು.
ಅದಕ್ಕೆ ಅಡ್ಡವಾಗಿ ಕುಡಗೋಲಿನ ಹಳೆಯ ಗಾಯ;
ಮೂರನೆಯ ಸುತ್ತಿನಲ್ಲಿ ಗೆರೆ ತುಂಡು.

ಶನಿವಾರ ಶನಿವಾರ ನೀಲಿ ಶಾಯಿಯಲ್ಲಿ
ನನ್ನ ಖಾತೆಯ ಮೇಲೆ ಬೀಳುತ್ತಿದ್ದ ಅದೇ ತುಂಡು ಗೆರೆ.
ದಿನಕ್ಕೆ ಆರು ರೂಪಾಯಿ.
ಎದುರಿಗೆ ಹೆಸರು ನಾನು ಬರೆಯುತ್ತಿದ್ದೆ.

"ಮೇಡಂ ಅವರದಾದರೆ ನಲವತ್ತು ಸಾವಿರ," ಅಂದ.
"ಇಲ್ಲಾಂದ್ರ?"
ಭುಜ ಕುಣಿಸಿದ.

ಎದ್ದು ಹೋಗಿ ಚೊಂಬು ತಂದೆ.
ಬಟ್ಟಲು ತಿರುಗಿಸಿ, ತುಂಬ ನೀರು ಹೊಯ್ದು
ಅವನ ಮುಂದೆ ಇಟ್ಟೆ.
"ಜರಾ ಕೂಡ್ರಿ," ಅಂದೆ,
"ಈಗ ಹೆಸರು ಬರ್ತದ."