ತೂಕದ ಚೀಟಿ

ಸಜ್ಜಾದ ಗುಜರಿ ಅಂಗಳದಲ್ಲಿ
ತೂಕದ ಚೀಟಿ ಬರೆಯುವವನು ನಾನು.
ಬೆಳಿಗ್ಗೆ ಬಂದ ಕಂಟೇನರಿನಲ್ಲಿ
ಯಾವುದೋ ಬೆಟ್ಟದ ರೈಲಿನ ಹಳಿಗಳು.
ಯಾವ ದೇಶದ್ದೋ, ಕಾಗದದಲ್ಲಿ ಬರೀ
'ಹಳೆ ಕಬ್ಬಿಣ, ಮಿಶ್ರ.'

ಸ್ಲೀಪರನ್ನು ಇನ್ನೂ ಕಚ್ಚಿಕೊಂಡ ಜೋಡಿಯೊಂದಿತ್ತು.
ಅಳೆದೆ: ಮೂರು ಗೇಣು, ನಾಲ್ಕು ಬೆರಳು.
ಕ್ಯಾಂಪಿನ ನನ್ನ ಮಂಚವೂ ಅಷ್ಟೇ ಅಗಲ.

ಗ್ಯಾಸ್ ಕಟ್ಟರ್ ಹಿಡಿದ ಗುಲ್ಜಮೀನ್ ಬಗ್ಗಿದ.
ಥಲ್ ಕಡೆಯವನು; ಅವನಪ್ಪ
ಸುತ್ತಿಗೆ ಹೊತ್ತು ಹಳಿಗುಂಟ ನಡೆದೇ ಮುದುಕನಾದವನು.
ಬೆರಳಾಡಿಸಿ ಹೇಳಿದ, ಅರ್ಧ ಉರ್ದು, ಅರ್ಧ ಕೈಸನ್ನೆ:
"ನೋಡು ಮುನ್ಷಿ, ಇದು ತಿರುವಿನ ಹೊರಹಳಿ.
ಒಳಗೆನ್ನೆ ಸವೆದಿದೆ.
ಈ ಕಡೆ ಬೆಟ್ಟ ಇತ್ತು.
ಆ ಕಡೆ ಏನೂ ಇರಲಿಲ್ಲ."

ಆ ಕಡೆಗೆ ನೋಡಿದೆವು ಇಬ್ಬರೂ:
ಚಪ್ಪಟೆ ಮರಳು, ಸತ್ತ ಏಸಿಗಳ ರಾಶಿ.

ಸುತ್ತಿಗೆಯಿಂದ ಒಮ್ಮೆ ಬಡಿದ. ಬಿರುಕಿಲ್ಲ.
ನಾದ ಎಷ್ಟು ಹೊತ್ತು ನಿಂತಿತೆಂದರೆ
ಬಂಗಾಳಿ ಹುಡುಗರು ಚಹಾ ಗಂಟೆಯೆಂದು ಎದ್ದೇಬಿಟ್ಟರು.

ಪೂರ್ವಕ್ಕೆ, ಹಜರ್ ಬೆಟ್ಟಗಳ ಹೊಟ್ಟೆಗೇ
ಸುರಂಗ ತೂರಿ ಹೋಗುತ್ತದೆ ಹೊಸ ರೈಲು.
ಬಳಸಿ ಹೋಗಲು ಪುರುಸೊತ್ತಿಲ್ಲ ಅದಕ್ಕೆ.
ಇದು ಬಳಸಿತ್ತು,
ಒಂದೊಂದು ಬಂಡೆಗೂ ಮೈ ಬಾಗಿಸಿ,
ಏದುಸಿರು ಬಿಟ್ಟು,
ಕುರಿ ಅಡ್ಡ ಬಂದರೆ ನಿಂತು.

ಮೀಟರಿಗೆ ಹದಿನೈದು ಕಿಲೋ ಇರಬೇಕಿತ್ತಂತೆ.
ಹದಿಮೂರೂವರೆ ತೋರಿಸಿತು ಕಾಟಾ.
ಉಳಿದದ್ದನ್ನು ಚಕ್ರ ತಿಂದಿತು, ಮಂಜು ನೆಕ್ಕಿತು;
ನನ್ನ ಚೀಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

"ಕೊಯ್ಯಲೇ?" ಅಂದ.
ಚೀಟಿ ಹರಿದು ಕೊಟ್ಟೆ.
ಕನ್ನಡಕ ಇಳಿಸಿಕೊಂಡು ನೀಲಿ ಉರಿ ಹಚ್ಚಿದವನು
ಮೊದಲು
ನೆಟ್ಟನೆಯ ಹಳಿಗಳನ್ನು ಕೊಯ್ದ.